ನಿಂಜಾಗಳ ಕಣಿವೆಯಲ್ಲಿ ವರನ ವಿಚಾರಣೆ

ಕೋಸಗಿ, ಹೊರಡುವ ಮುಂಚೆ

ನಮ್ಮ ಮನೆತನದಲ್ಲಿ ಯಾವ ಸಂಬಂಧ ಬಂದರೂ ಮೊದಲು ನನ್ನನ್ನು ಕಳಿಸುತ್ತಾರೆ. ಹುಡುಗನನ್ನು ನೋಡುವುದಕ್ಕಲ್ಲ, ಹುಡುಗನ ಊರನ್ನು ನೋಡುವುದಕ್ಕೆ. ಕುರಿ ಕೊಳ್ಳಲು ಬಂದವಳ ಹಾಗೆ ಹೋಗುತ್ತೇನೆ. ಚಹಾದಂಗಡಿಯಲ್ಲಿ ಕೂರುತ್ತೇನೆ, ಕಿರಾಣಿ ಅಂಗಡಿಯಲ್ಲಿ ಬೇಡದ ಉಪ್ಪಿನ ಪಾಕೀಟು ಕೊಳ್ಳುತ್ತೇನೆ, ನಲ್ಲಿಯ ಹತ್ತಿರ ಹೆಂಗಸರ ಜೊತೆ ನಿಲ್ಲುತ್ತೇನೆ. ಸಂಜೆಯೊಳಗೆ ಹುಡುಗ ಕುಡಿಯುತ್ತಾನೋ, ಇಸ್ಪೀಟು ಆಡುತ್ತಾನೋ, ಅವನ ತಾಯಿ ಸೊಸೆಯರ ಮೇಲೆ ದನಿ ಎತ್ತುತ್ತಾಳೋ ಎಲ್ಲ ತಿಳಿದಿರುತ್ತದೆ. ಒಂದು ಕಟ್ಟುಪಾಡು ಮಾತ್ರ ಇದೆ. ಸಂಬಂಧ ಒಪ್ಪಿಗೆಯಾಗುವ ತನಕ ಹುಡುಗನ ಕಡೆಯ ಅನ್ನ ನೀರು ಮುಟ್ಟುವಂತಿಲ್ಲ. ಉಂಡರೆ ಒಪ್ಪಿದ ಹಾಗೆ.

ತೆಲುಗು, ಕನ್ನಡ ಎರಡೂ ಆಡುವ ನಮ್ಮ ಗಡಿಯ ಪೆದ್ದಕಡುಬೂರಿನ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು ನಾನು. ಮನೆಗೆಲಸ ಯಾಕೆ ಮಾಡಿಲ್ಲ ಎಂದು ಕೇಳಿದಾಗ ಮಕ್ಕಳು ಹೇಳುವ ನೆಪಗಳನ್ನು ಕೇಳಿ ಕೇಳಿ, ಈಗ ಯಾರು ಬಾಯಿ ತೆರೆದರೂ ನನಗೆ ಮೊದಲು ಬರುವುದು ಅನುಮಾನ. ಇದು ಸ್ವಭಾವ, ಬದಲಾಗುವುದಿಲ್ಲ.

ನನ್ನನ್ನು ಕಳಿಸದೆ ಮಾಡಿದ ಮದುವೆ ಒಂದೇ ಒಂದು. ತಂಗಿ ಈರಮ್ಮನ ಮಗಳು ಮಂಜುಳಾಳದು. ಆಗ ನನಗೆ ಎಲೆಕ್ಷನ್ ಡ್ಯೂಟಿ ಬಿದ್ದಿತ್ತು, ಅವರಿಗೆ ಅವಸರ ಬಿದ್ದಿತ್ತು. ಆಲೂರಿನ ಹುಡುಗ ಕರೆಂಟಿನ ಇಲಾಖೆಯಲ್ಲಿ ಕಾಯಂ ನೌಕರ ಎಂದು ಹೇಳಿಕೊಂಡಿದ್ದ. ನೌಕರಿಯೂ ಇರಲಿಲ್ಲ, ಕೈಯೂ ಸುಮ್ಮನಿರುತ್ತಿರಲಿಲ್ಲ. ವರ್ಷ ತುಂಬುವುದರೊಳಗೆ ಮಂಜಿ ತೌರಿಗೆ ಬಂದಳು. ಕೋರ್ಟಿನಲ್ಲಿ ಮದುವೆಯಿಂದ ಬಿಡುಗಡೆಯಾಯಿತು. ಕರ್ನೂಲಿನಲ್ಲಿ ನರ್ಸಿಂಗ್ ಓದಿ, ಜಪಾನಿಗೆ ಹೋಗಿ, ವೃದ್ಧರ ಆರೈಕೆ ಮನೆಯೊಂದರಲ್ಲಿ ಕೆಲಸಕ್ಕೆ ಸೇರಿದಳು. ಈಗ ಅಲ್ಲಿಯ ಅಡುಗೆಯವನಾದ ಕೆಂಜಿ ಎಂಬ ಹುಡುಗನನ್ನು ಮದುವೆಯಾಗುತ್ತೇನೆ ಎಂದಳು. ನಿಂಜಾ ಮನೆತನವಂತೆ.

“ನಿಂಜಾ ಅಂದ್ರ ಯಾರಕ್ಕಾ?” ಎಂದಳು ಈರಮ್ಮ.

“ಗ್ವಾಡಿ ಹಾರೋರು. ವೇಷ ಮರೆಸಿ ಮಂದಿ ಮನಿ ಗುಟ್ಟು ತಿಳಕೊಂಬರೋರು.”

“ಅಂದ್ರ ದೊಂಗಲಾ?”

“ಕಳ್ಳರಲ್ಲಂತ. ಅದೇ ಅವರ ಕೆಲಸ ಆಗಿತ್ತಂತ, ರಾಜರ ಕಾಲದಾಗ.”

“ಏಮೋ ಅಕ್ಕಾ. ಒಮ್ಮೆ ಕಣ್ಣು ಮುಚ್ಚಿ ಕೊಟ್ವಿ, ಮಗಳ ಬಾಳು ಹಾಳಾತು. ಈ ಸಲ ನೀ ಹೋಗು. ನೀ ಅವರ ಮನ್ಯಾಗ ಉಂಡಿ ಅಂದ್ರ ಹೂಂ, ಉಪವಾಸ ಬಂದಿ ಅಂದ್ರ ಇಲ್ಲ. ಮಂಜಿನೂ ಒಪ್ಪ್ಯಾಳ. ಮತ್ತ ಇನ್ನೊಂದು, ಆಕಿ ಮೊದಲಿನ ಮದುವಿ ಸುದ್ದಿ ಅವರ ಮುಂದ ಎತ್ತಬ್ಯಾಡ.”

ಹೀಗೆ ನಮ್ಮ ಕಡೆಯದನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಅವರ ಕಡೆಯದನ್ನು ಹುಡುಕಲು ನಾನು ವಿಮಾನ ಹತ್ತಿದೆ. ಚೀಲದ ತುಂಬ ಒಣಗಿಸಿದ ಕಟಿರೊಟ್ಟಿ, ಶೇಂಗಾ ಚಟ್ನಿಪುಡಿ.

ನಗೋಯಾ

ಜಪಾನಿನಲ್ಲಿ ಮೊದಲ ಅನುಮಾನ ಟ್ಯಾಕ್ಸಿಯ ಮೇಲೆ ಬಂತು. ಬಾಗಿಲು ತಾನೇ ತೆರೆದುಕೊಂಡಿತು, ನಾನು ಕೂತ ಮೇಲೆ ತಾನೇ ಮುಚ್ಚಿಕೊಂಡಿತು. ಹೊರಗೆ ಬರಲು ಅದು ಬಿಡುತ್ತದೋ ಇಲ್ಲವೋ ಎಂದು ದಾರಿಯುದ್ದಕ್ಕೂ ಬಾಗಿಲ ಹಿಡಿಕೆ ಹಿಡಿದುಕೊಂಡೇ ಕೂತೆ. ಎರಡನೆಯ ಅನುಮಾನ ಜನರ ಮೇಲೆ. ಅಂಗಡಿಯವನು ಬಾಗುತ್ತಾನೆ, ಲಿಫ್ಟಿನವಳು ಬಾಗುತ್ತಾಳೆ, ರಸ್ತೆ ಅಗೆಯುವವನು ಧೂಳಾಯಿತೆಂದು ಬಾಗುತ್ತಾನೆ. ನಮ್ಮ ಆದೋನಿಯಲ್ಲಿ ಯಾರಾದರೂ ಇಷ್ಟು ಬಾಗಿದರೆ ಸಾಲ ಕೇಳಲು ಬಂದಿದ್ದಾನೆ ಎಂದೇ ಅರ್ಥ.

ಅದಕ್ಕೂ ಮುಂಚೆ ನಾನು ಹತ್ತಿರದಿಂದ ನೋಡಿದ್ದ ಜಪಾನಿನವಳು ಒಬ್ಬಳೇ. ಹೋದ ಚಳಿಗಾಲದಲ್ಲಿ ಹಂಪಿಯಿಂದ ಬಾಡಿಗೆ ಕಾರು ಮಾಡಿಕೊಂಡು, ಹೊಸಪೇಟೆಯ ಡ್ರೈವರನ ಬಾಯಲ್ಲಿ ಮಾತಾಡಿಸುತ್ತ, ಕಂಬಳಿ ನೋಡಬೇಕೆಂದು ಕೋಸಗಿಗೆ ಬಂದಿದ್ದಳು. ತಂಗಿಯ ಗಂಡ ಲಿಂಗಪ್ಪ ಕುರಿ ಸಾಕುವವನು. ಹಟ್ಟಿ ತೋರಿಸಿದ, ಎರಡು ರೊಟ್ಟಿ ಪುಂಡಿಪಲ್ಯ ತಿನ್ನಿಸಿದ, ಒಂದು ಕಂಬಳಿ ಕೊಟ್ಟು ಒಂದು ರೂಪಾಯಿಯನ್ನೂ ಮುಟ್ಟಲಿಲ್ಲ. ಆಕೆ ಬಾವಿ ನೋಡಿದಳು, ಪಕ್ಕದ ಮನೆಯ ಮುದುಕಿ ಹನುಮವ್ವನ ಹತ್ತಿರ ಬಹಳ ಹೊತ್ತು ಕೂತಳು. ಹಂಪಿಯಂಥ ಹಂಪಿ ಬಿಟ್ಟು ಕೋಸಗಿಗೆ ಕಂಬಳಿಗೆಂದು ಯಾರು ಬರುತ್ತಾರೆ, ಸೋಲಾರ್ ಕಂಪನಿಯವಳು ಜಮೀನು ನೋಡಲು ಬಂದಿದ್ದಾಳೆ, ಎಚ್ಚರ ಎಂದು ನಾನು ಅಂದೆ. ಎಲ್ಲರೂ ನಕ್ಕರು. ಆಮೇಲೆ ಯಾವ ಕಂಪನಿಯೂ ಬರಲಿಲ್ಲ, ನನ್ನ ಮಾತು ನಗೆಪಾಟಲಾಯಿತು.

ಕೆಂಜಿ ಮಂಜಿಯ ನಗೋಯಾದ ಕೋಣೆಗೆ ಬಂದು ನನ್ನ ಮುಂದೆ ಬಾಗಿದ. ಕಣ್ಣಿನ ಮೇಲೆ ಬೀಳುವ ಕೂದಲು, ಸಣ್ಣ ದನಿ. ಹಲ್ಲಿಲ್ಲದ ಮುದುಕರಿಗೆ ಮೆತ್ತಗೆ ಬೇಯಿಸಿ ಕೊಡುವುದು ಅವನ ಕೆಲಸ. ನನಗೆಂದು ಕುಂಬಳಕಾಯಿಯ ಏನನ್ನೋ ಬೇಯಿಸಿ ಮುಚ್ಚಿದ ಡಬ್ಬಿಯಲ್ಲಿ ತಂದಿದ್ದ. ನಾನು ಕೈಮುಗಿದು ಪಕ್ಕಕ್ಕಿಟ್ಟೆ.

“ದೊಡ್ಡವ್ವಗ ಉಪವಾಸ ಐತಿ ಅಂತ ಹೇಳೀನಿ,” ಎಂದಳು ಮಂಜಿ ನೆಲ ನೋಡುತ್ತ. ಅವನು ಡಬ್ಬಿಯನ್ನು ವಾಪಸ್ ಒಯ್ಯುವಾಗ ಅವಳ ಮುಖ ನೋಡಲಾಗಲಿಲ್ಲ ನನಗೆ.

“ಇವಗ ನಿನ್ನ ಹಳೇ ಸುದ್ದಿ ಗೊತ್ತೈತೇನು?” ಎಂದು ಕೇಳಿದೆ.

“ನಾನಾ ಹೇಳೀನಿ. ಅವರ ಮನ್ಯಾಗ ಹೇಳ್ಯಾನೋ ಇಲ್ಲೋ, ಕೇಳಾಕ ಧೈರ್ಯ ಸಾಲಲಿಲ್ಲ.”

ಇಗಾಗೆ ಹೋಗುವ ರೈಲು

ಕೆಂಜಿಯ ಊರು ಬೆಟ್ಟಗಳ ನಡುವಿನ ಇಗಾ ಎಂಬ ಕಣಿವೆಯಲ್ಲಿದೆ. ಅವನ ಅಜ್ಜಿ ಹರುಕೊ ಅಲ್ಲಿದ್ದಾಳೆ. ಮಂಜಿ, ಕೆಂಜಿ ಇಬ್ಬರೂ ರಜೆಯ ದಿನ ಬರುವವರಿದ್ದರು. ನಾನು ಊರು ನೋಡುವ ನೆಪ ಹೇಳಿ ಮುಂದಾಗಿ ಹೊರಟೆ. ವಿಚಾರಣೆಗೆ ಹುಡುಗಿಯನ್ನು ಜೊತೆಗೆ ಕರೆದೊಯ್ಯುವವರುಂಟೇ?

ಮಾತಿಗೆ ಮಂಜಿ ಫೋನಿನಲ್ಲಿ ಒಂದು ಏರ್ಪಾಡು ಮಾಡಿಕೊಟ್ಟಿದ್ದಳು. ನಾನು ಕನ್ನಡ ಹೇಳಿದರೆ ಅದು ಜಪಾನಿ ಹೇಳುತ್ತದೆ, ಅವರು ಜಪಾನಿ ಹೇಳಿದರೆ ಅದು ವಾರ್ತೆ ಓದುವವಳ ಕನ್ನಡ ಹೇಳುತ್ತದೆ. ನಮ್ಮ ಕಡೆಯ ಮಾತು ಅದಕ್ಕೆ ಹತ್ತುವುದಿಲ್ಲ. ಹಾಗಾಗಿ ಇಡೀ ಜಪಾನಿನಲ್ಲಿ ನಾನು ಪಾಠ ಹೇಳುವ ಕನ್ನಡವನ್ನೇ ಆಡಬೇಕಾಯಿತು. ಕುರಿ ವ್ಯಾಪಾರದ ವೇಷ ಅಲ್ಲಿ ನಡೆಯುವುದಿಲ್ಲ, ಕುರಿಯೇ ಕಾಣುವುದಿಲ್ಲ. ನಿಂಜಾಗಳ ಚರಿತ್ರೆ ತಿಳಿಯಲು ಬಂದ ಟೀಚರು ಎಂದು ಹೇಳಿಕೊಳ್ಳುವುದೆಂದು ತೀರ್ಮಾನಿಸಿದೆ.

ರೈಲು ನಮ್ಮ ಕಡೆಯ ಪ್ಯಾಸೆಂಜರಿಗಿಂತ ಚಿಕ್ಕದು. ಮೂತಿಗೆ ಎರಡು ದೊಡ್ಡ ಕಣ್ಣು ಬರೆದಿದ್ದರು. ಸ್ವಲ್ಪ ತೂಕಡಿಸಿ ಎದ್ದು ನೋಡಿದರೆ, ನನ್ನ ಚೀಲವಿಟ್ಟಿದ್ದ ಮೇಲಿನ ಹಲಗೆಯ ಮೇಲೆ ಮುಸುಕು ಹಾಕಿದವನೊಬ್ಬ ಮಲಗಿ ಕೈ ಚಾಚಿದ್ದ. ಚಟ್ನಿಪುಡಿ ಹೋಯಿತೆಂದೇ ತಿಳಿದು ಛತ್ರಿಯಿಂದ ಎರಡೇಟು ಹಾಕಿದೆ. ಗೊಂಬೆ. ಪ್ರವಾಸಿಗರ ಖುಷಿಗೆ ಇಟ್ಟ ಗೊಂಬೆ. ರೈಲುಡಬ್ಬಿಯಲ್ಲಿದ್ದ ಯಾರೂ ನಗಲಿಲ್ಲ. ಎದುರಿನ ಮುದುಕ ಎದ್ದು, ಜಾರಿದ ಗೊಂಬೆಯನ್ನು ಸರಿಯಾಗಿ ಮಲಗಿಸಿ, ನನಗೂ ಒಮ್ಮೆ ಬಾಗಿ, ತನ್ನ ಜಾಗದಲ್ಲಿ ಕೂತ. ನಕ್ಕಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ತಿರುಗುವ ಗೋಡೆಯ ಮನೆ

ಇಗಾ ಪೇಟೆಯಲ್ಲಿ ಕಸದ ಡಬ್ಬಿಯ ಮೇಲೂ ನಿಂಜಾ, ಚರಂಡಿಯ ಮುಚ್ಚಳದ ಮೇಲೂ ನಿಂಜಾ. ಇಷ್ಟೊಂದು ತೋರಿಸುವವರು ಗುಟ್ಟಿನ ಜನ ಹೇಗಾದರು ಎಂಬ ಅನುಮಾನದಲ್ಲೇ ಅವರ ವಸ್ತುಸಂಗ್ರಹಾಲಯಕ್ಕೆ ಹೋದೆ. ಹುಲ್ಲಿನ ಮಾಡಿನ ಹಳೆಯ ರೈತನ ಮನೆ ಅದು. ಗುಲಾಬಿ ಬಣ್ಣದ ನಿಂಜಾ ಉಡುಪಿನ ಹುಡುಗಿಯೊಬ್ಬಳು ಗೋಡೆಗೆ ಬೆನ್ನು ಕೊಟ್ಟು ನಿಂತವಳು ಕಣ್ಣು ಮಿಟುಕಿಸುವಷ್ಟರಲ್ಲಿ ಇಲ್ಲವಾದಳು. ಗೋಡೆ ತಿರುಗಿ ಅವಳನ್ನು ಒಳಗೆ ಹಾಕಿಕೊಂಡಿತ್ತು. ಇನ್ನೊಂದು ಕಡೆ ನೆಲದ ಹಲಗೆಯ ಅಂಚು ತುಳಿದಳು, ಹಲಗೆ ಎದ್ದು ನಿಂತಿತು, ಕೆಳಗೆ ಕತ್ತಿ ಇತ್ತು.

ಹುಡುಗಿ ಹೇಳಿದ್ದನ್ನು ಫೋನು ವಾರ್ತೆಯ ಹಾಗೆ ಓದಿತು. ಈ ಕಣಿವೆಗೆ ಒಬ್ಬ ದೊರೆ ಎಂದು ಇರಲಿಲ್ಲವಂತೆ. ಸಣ್ಣ ಸಣ್ಣ ಹಿಡುವಳಿಯ ಮನೆತನಗಳು ಮಣ್ಣಿನ ಒಡ್ಡು ಕಟ್ಟಿಕೊಂಡು, ತಮ್ಮ ತಮ್ಮಲ್ಲೇ ಕರಾರು ಮಾಡಿಕೊಂಡು ಊರನ್ನು ಆಳಿಕೊಂಡಿದ್ದವು. ಹೊರಗಿನವರು ನುಗ್ಗಿದರೆ ಗಂಟೆ ಬಾರಿಸಬೇಕು, ಎಲ್ಲರೂ ಓಡಿಬರಬೇಕು. ಹೊಲದ ಕೆಲಸ ಮುಗಿಸಿ ಗೋಡೆ ಹತ್ತುವುದು, ಉಸಿರು ಕಟ್ಟಿ ಕೂರುವುದು ಕಲಿಯುತ್ತಿದ್ದರು. ಹೊರಗಿನ ಪಾಳೆಯಗಾರರು ಕೂಲಿ ಕೊಟ್ಟು ಕರೆಯುತ್ತಿದ್ದರು. ಔಷಧಿ ಮಾರುವವನಾಗಿ, ಕೊಳಲೂದುವ ಸನ್ಯಾಸಿಯಾಗಿ, ದೊಂಬರವನಾಗಿ ಕೋಟೆಯೊಳಗೆ ಹೊಕ್ಕು ಸುದ್ದಿ ತರುತ್ತಿದ್ದರು. ಕರಿ ಬಟ್ಟೆ ಎಲ್ಲ ಆಮೇಲೆ ನಾಟಕದವರು ತೊಡಿಸಿದ್ದಂತೆ. ಅವರು ಹಾಕುತ್ತಿದ್ದದ್ದು ಹೊಲಕ್ಕೆ ಹೋಗುವ ನೀಲಿ ಬಟ್ಟೆ. ದಾರಿಯಲ್ಲಿ ಬಣ್ಣದ ಅಕ್ಕಿಕಾಳು ಚೆಲ್ಲಿ ಒಬ್ಬರಿಗೊಬ್ಬರು ಸನ್ನೆ ಕೊಡುತ್ತಿದ್ದರಂತೆ.

ಕೊನೆಗೆ ಇಡೀ ದೇಶವನ್ನು ಒಂದೇ ಕೊಡೆಯ ಕೆಳಗೆ ತರಲು ಹೊರಟ ದೊಡ್ಡ ದೊರೆಯೊಬ್ಬನಿಗೆ ಈ ಕಣಿವೆ ಕಣ್ಣಿನ ಕಸವಾಯಿತು. ಮೊದಲು ಅವನ ಮಗ ಬಂದು ಸೋತು ಓಡಿದ. ಆಮೇಲೆ ತಂದೆಯೇ ಕಣಿವೆಯ ಎಲ್ಲ ಬಾಯಿಗಳಿಂದ ದಂಡು ನುಗ್ಗಿಸಿ ಊರೂರು ಸುಟ್ಟ. ದಾರಿ ತೋರಿಸಿದವರು ಒಳಗಿನವರೇ.

“ಗುಟ್ಟಿನಲ್ಲಿ ಬದುಕಿದವರ ವಿಷಯ ನಿಮಗೆ ಇಷ್ಟೆಲ್ಲ ಹೇಗೆ ಗೊತ್ತು?” ಎಂದು ಕೇಳಿದೆ.

ಹುಡುಗಿ ನಕ್ಕಳು. “ಹೆಚ್ಚಿನದನ್ನು ಯುದ್ಧಗಳು ಮುಗಿದ ಬಹಳ ಕಾಲದ ನಂತರ ಬರೆಯಲಾಯಿತು. ಅದರಲ್ಲಿ ಎಷ್ಟು ನಿಜ ಎಂಬುದು ನಮಗೂ ತಿಳಿದಿಲ್ಲ,” ಎಂದಿತು ಫೋನು. ಜಪಾನಿಗೆ ಬಂದ ಮೇಲೆ ನಾನು ನಂಬಿದ ಮೊದಲ ಮಾತು ಅದು.

“ಅವರ ವಿದ್ಯೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಯಾವುದು?”

“ಸಾಯದಿರುವುದು. ಸುದ್ದಿಯೊಂದಿಗೆ ಜೀವಂತ ಹಿಂದಿರುಗಿದರೆ ಮಾತ್ರ ಕೆಲಸ ಪೂರ್ಣವಾದಂತೆ.”

ಬಾಗಿಲ ಹತ್ತಿರ ಮರದ ಹಲಗೆಯೊಂದರ ಮೇಲೆ ಮನೆತನಗಳ ಹೆಸರು ಬರೆದಿದ್ದರು. ಕೆಂಜಿಯ ಮನೆತನದ ಹೆಸರು ಮಂಜಿ ನನಗೆ ಚೀಟಿಯಲ್ಲಿ ಬರೆದುಕೊಟ್ಟಿದ್ದಳು. ಹುಡುಗಿಗೆ ಅದನ್ನು ತೋರಿಸಿದೆ. ಅವಳು ಮೇಲಿನಿಂದ ಕೆಳಗೆ ನೋಡಿ, ಇಲ್ಲ ಎಂದು ತಲೆಯಾಡಿಸಿದಳು.

ಆಲೂರಿನವನು ಇಲ್ಲದ ನೌಕರಿ ಹೇಳಿಕೊಂಡ, ಇವನು ಇಲ್ಲದ ವಂಶ ಹೇಳಿಕೊಂಡ. ಮೊದಲ ಸುಳ್ಳು ಸಿಕ್ಕ ಮೇಲೆ ಉಳಿದವನ್ನು ಹುಡುಕುವುದು ಕಷ್ಟವಲ್ಲ. ಆದರೂ ನನಗೆ ಗೆದ್ದ ಖುಷಿಯಾಗಲಿಲ್ಲ. ಡಬ್ಬಿ ವಾಪಸ್ ಹೋದಾಗಿನ ಮಂಜಿಯ ಮುಖ ಕಣ್ಣ ಮುಂದೆ ಬಂತು.

ಕೂದಲು ತೊಳೆಯುವ ಅಂಗಡಿ

ಪೇಟೆಯಿಂದಾಚೆಗೆ ಬಸ್ಸಿನಲ್ಲಿ ಹೋದರೆ ಕೆಂಜಿಯ ಹಳ್ಳಿ. ಗದ್ದೆ ಕೊಯ್ದಾಗಿತ್ತು. ಮನೆಗಳ ಮುಂದೆ ಟೊಮೇಟೊದಂಥ ಕಿತ್ತಳೆ ಬಣ್ಣದ ಹಣ್ಣುಗಳನ್ನು ಸುಲಿದು, ಹಗ್ಗಕ್ಕೆ ಪೋಣಿಸಿ ಒಣಗಲು ಬಿಟ್ಟಿದ್ದರು, ನಮ್ಮಲ್ಲಿ ಮೆಣಸಿನಕಾಯಿ ಒಣಗಿಸುವಂತೆ. ದಾರಿ ಬದಿಯ ಗೂಡಿನಲ್ಲಿ ತರಕಾರಿ ಇಟ್ಟಿದ್ದರು, ದುಡ್ಡು ಹಾಕಲು ಡಬ್ಬಿ ಇಟ್ಟಿದ್ದರು, ಮಾರುವವರು ಮಾತ್ರ ಇರಲಿಲ್ಲ. ಎಲ್ಲಿಂದಲೋ ನೋಡುತ್ತಿರಬೇಕೆಂದು ಸುತ್ತ ಹುಡುಕಿದೆ. ಬದುವಿನ ಮೇಲಿದ್ದ ಒಬ್ಬ ಮುದುಕಿ ಬಾಗಿದಳು, ಅಷ್ಟೇ.

ಚಹಾದಂಗಡಿ ಇಲ್ಲದ ಊರಿನಲ್ಲಿ ಸುದ್ದಿ ಇರುವುದು ಕೂದಲು ಕತ್ತರಿಸುವ ಅಂಗಡಿಯಲ್ಲಿ. ಹೆಂಗಸೊಬ್ಬಳು ನಡೆಸುತ್ತಿದ್ದಳು. ಕತ್ತರಿ ಬೇಡ, ತೊಳೆದರೆ ಸಾಕೆಂದು ಹೇಳಿ ಕುರ್ಚಿಯಲ್ಲಿ ಒರಗಿದೆ. ನಿಂಜಾ ಚರಿತ್ರೆಯಿಂದ ಶುರು ಮಾಡಿ ಮೆಲ್ಲಗೆ ಹರುಕೊ ಅಜ್ಜಿಯ ಮನೆಗೆ ಬಂದೆ.

“ಒಳ್ಳೆಯವರು. ರೈತರು,” ಎಂದಿತು ಫೋನು.

ಮೊಮ್ಮಗ? ಒಳ್ಳೆಯವನು. ಕುಡಿತ? ಎಲ್ಲರಷ್ಟೇ. ಜಗಳ? ಕೇಳಿಲ್ಲ. ನಮ್ಮ ಕಡೆ ಯಾರಾದರೂ ಒಂದು ಮನೆಯ ಬಗ್ಗೆ ಇಷ್ಟು ಚೊಕ್ಕವಾಗಿ ಹೇಳಿದರೆ, ಏನೋ ಮುಚ್ಚುತ್ತಿದ್ದಾರೆ ಎಂದೇ ಲೆಕ್ಕ.

ಆದರೆ ಆ ಹೆಂಗಸಿನ ಬೆರಳುಗಳಿಗೆ ನೆತ್ತಿಯಲ್ಲಿರುವ ಎಲ್ಲ ನರಗಳ ಪರಿಚಯವಿತ್ತು. ಬೆಚ್ಚಗಿನ ನೀರು, ಅವಳ ಕೈ. ನನ್ನ ಕಣ್ಣು ಮುಚ್ಚಿಕೊಂಡವು. ಅವಳು ಏನೇನೋ ಕೇಳುತ್ತಿದ್ದಳು, ನಾನು ಹೇಳುತ್ತಿದ್ದೆ. ಯಾವ ಊರು, ಮಳೆ ಹೇಗೆ, ಕುರಿ ಎಷ್ಟು ಮೇಯುತ್ತವೆ. ನಡುವೆ ಫೋನು ಅದೇ ದನಿಯಲ್ಲಿ ಕೇಳಿತು, “ನಿಮ್ಮ ಹುಡುಗಿಗೆ ಇದು ಮೊದಲ ಮದುವೆಯೇ?”

“ಹೌದು, ಮೊದಲನೆಯದು,” ಎಂದೆ.

ತಲೆ ಒರೆಸಿಕೊಂಡು ಹೊರಗೆ ಬಂದು, ಸ್ವಲ್ಪ ದೂರ ನಡೆದ ಮೇಲೆ ಬುದ್ಧಿ ಬಂತು. ನಾನು ಹುಡುಗಿಯ ಮಾತನ್ನೇ ಎತ್ತಿರಲಿಲ್ಲ. ನಿಂಜಾ ಚರಿತ್ರೆ ಕೇಳಲು ಬಂದ ಟೀಚರಿಗೆ ಮದುವೆಯ ಹುಡುಗಿ ಇರುವುದು ಈಕೆಗೆ ಹೇಗೆ ತಿಳಿಯಿತು? ಸುಳ್ಳು ಹಿಡಿಯಲು ಬಂದವಳ ಬಾಯಿಂದಲೇ ಸುಳ್ಳು ಹೊರಡಿಸಿ ಕಳಿಸಿದ್ದಳು.

ಹರುಕೊ ಅಜ್ಜಿಯ ಮನೆ

ಮಾರನೆಯ ದಿನ ಮಂಜಿ, ಕೆಂಜಿ ಬಂದರು. ಮೂವರೂ ಅಜ್ಜಿಯ ಮನೆಗೆ ಹೋದೆವು. ತಿರುಗುವ ಗೋಡೆ ಇರಲಿಲ್ಲ. ಚಾಪೆಯ ನೆಲ, ಕಾಗದದ ಬಾಗಿಲು, ಬಿಸಿಲು ಬೀಳುವ ಜಗುಲಿ. ಒಣಗಿದ ಹುಣಸೆಹಣ್ಣಿನಂಥ ಅಜ್ಜಿ, ಕಣ್ಣು ಮಾತ್ರ ಚುರುಕು. ನನ್ನ ಮುಂದೆ ಚಹಾ ಮತ್ತು ಆ ಊರಿನ ಬಿಸ್ಕತ್ತು ಇಟ್ಟರು. ನಿಂಜಾಗಳು ಬುತ್ತಿಗೆ ಒಯ್ಯುತ್ತಿದ್ದ ಬಿಸ್ಕತ್ತಂತೆ, ಎಷ್ಟು ಗಟ್ಟಿಯೆಂದರೆ ಒಡೆಯಲು ಜೊತೆಗೆ ಮರದ ಸುತ್ತಿಗೆ ಇಟ್ಟಿದ್ದರು. ನಾನು ಮುಟ್ಟಲಿಲ್ಲ.

ಆಗ ಅಜ್ಜಿಯ ಮಡಿಲಿನ ಮೇಲೆ ನನ್ನ ಕಣ್ಣು ಬಿತ್ತು. ಮೊಣಕಾಲಿನ ಮೇಲೆ ಹೊದ್ದಿದ್ದು ಕರಿ ಕಂಬಳಿ. ಮೂಲೆಯಲ್ಲಿ ಕೆಂಪು ದಾರದ ಗಂಟು. ಲಿಂಗಪ್ಪ ತನ್ನ ಕಂಬಳಿಗಳಿಗೆಲ್ಲ ಹಾಕುವ ಗುರುತು ಅದು.

ಒಳಗಿನ ಬಾಗಿಲು ಸರಿಯಿತು. ಬಂದವಳು ಕೋಸಗಿಗೆ ಕಂಬಳಿ ನೋಡಲು ಬಂದಿದ್ದ ಹೆಂಗಸು. ಕೆಂಜಿಯ ಸೋದರತ್ತೆ, ಈ ಅಜ್ಜಿಯ ಮಗಳು. ಬಾಗಿ, ಕಲಿತಿಟ್ಟುಕೊಂಡಿದ್ದ ಕನ್ನಡದಲ್ಲಿ, “ರೊಟ್ಟಿ ಚಲೋ ಇತ್ತು,” ಎಂದಳು.

ಜಮೀನು ನೋಡಲು ಬಂದಿದ್ದಾಳೆಂದು ಊರಿಗೆಲ್ಲ ಹೇಳಿದವಳು ನಾನು. ನೋಡಲು ಬಂದದ್ದು ನಿಜ, ನಮ್ಮ ಮನೆಯನ್ನು. ಬಾವಿ, ಹಟ್ಟಿ, ಪಕ್ಕದ ಮನೆಯ ಮುದುಕಿ, ನಾನು ಹುಡುಗನ ಊರಿನಲ್ಲಿ ಮಾಡುವುದನ್ನೆಲ್ಲ ಮಾಡಿದ್ದಳು, ನನ್ನ ಕಣ್ಣೆದುರಿಗೇ.

ಅಜ್ಜಿ ಮಾತಾಡತೊಡಗಿದಳು. ಫೋನು ಬೇಡವೆಂದು ಮಂಜಿಗೆ ಸನ್ನೆ ಮಾಡಿದಳು. ಮಂಜಿ ಕನ್ನಡದಲ್ಲಿ ಹೇಳುತ್ತ ಹೋದಳು.

“ಅಜ್ಜಿ ಅಂತಾರ, ಕೂಸು ಕೊಡೋ ಮೊದಲು ತರೋ ಮೊದಲು ವಿಚಾರಿಸೋದು ನಮ್ಮಲ್ಲೂ ಐತಿ. ನೀವು ಬಂದೀರಿ ಅಂತ ಬಸ್ ಇಳಿದಾಗ್ಲೇ ಗೊತ್ತಾತು, ಕೂದಲು ತೊಳೆಯಾಕಿಗೂ ಹೇಳಿಟ್ಟಿದ್ರಂತ. ಹುಡುಗಿಗಿ...” ಮಂಜಿ ಮಾತು ನಿಲ್ಲಿಸಿದಳು. ಅಜ್ಜಿ ಕಾದಳು. “ಹುಡುಗಿಗಿ ಮೊದಲ ಒಂದು ಮದುವಿ ಆಗಿತ್ತು ಅಂತ ಚಳಿಗಾಲದಾಗೇ ಗೊತ್ತೈತಿ.”

ನಾನು ತಲೆ ತಗ್ಗಿಸಿದೆ. “ಅಂಗಡ್ಯಾಗ ನಾ ಸುಳ್ಳು ಹೇಳಿದೆ ಅಂತ ಹೇಳು.”

ಅಜ್ಜಿ ಕೈ ಬೀಸಿ ನಕ್ಕಳು. “ಮನಿ ಹುಡುಗಿ ಸಲುವಾಗಿ ಸುಳ್ಳು ಹೇಳೋರು ಮನ್ಯಾಗ ಒಬ್ಬರಾರ ಇರಬೇಕಂತ.”

“ನಿಮ್ಮ ಹೆಸರು ಆ ಹಲಗೆ ಮ್ಯಾಲೆ ಯಾಕಿಲ್ಲ ಅಂತ ಕೇಳು,” ಎಂದೆ. ನಾಚಿಕೆಯಾದರೂ ಅನುಮಾನ ಬಿಡಲಿಲ್ಲ.

ಕೆಂಜಿ ಅಜ್ಜಿಯ ಕಡೆ ನೋಡಿದ. ಅಜ್ಜಿ ನಿಧಾನವಾಗಿ ಹೇಳಿದಳು.

“ಅದು ಕಾದಾಡಿ ಸತ್ತವರ ಹಲಗಿ ಅಂತ. ಊರು ಸುಡೋವಾಗ ಇವರ ಹಿರಿಯ ಒಬ್ಬಾತ ಬೆಟ್ಟ ದಾಟಿ ಓಡಿ ಹೋದ. ಎಷ್ಟೋ ವರ್ಷಕ್ಕ ತಿರುಗಿ ಬಂದ. ಯಾರೂ ಬಾವಿ ನೀರು ಮುಟ್ಟಗೊಡಲಿಲ್ಲ. ಅಂಜುಬುರುಕ ಅಂದ್ರು. ಒಂದೇ ಒಂದು ಮನಿಯವರು ಬಾಗಿಲಾ ತೆಗೆದು ಒಳಗ ಕರಕೊಂಡ್ರು. ಆ ಬಾಗಿಲಿನಿಂದ ಈ ಮನಿ ಉಳಿದೈತಿ. ನಿಂಜಾ ಅಂತ ಇವರು ಹೊರಗ ಎಲ್ಲೂ ಹೇಳ್ಕೊಳ್ಳಂಗಿಲ್ಲ.” ಆಮೇಲೆ ಮಂಜಿ ತನ್ನ ಮಾತು ಸೇರಿಸಿದಳು, “ನಾ ನನ್ನ ಸುದ್ದಿ ಹೇಳಿ ಅತ್ತ ದಿನ, ಕೆಂಜಿ ನನಗ ಅವರದು ಹೇಳಿದ. ನಿಂಜಾ ಮನೆತನ ಅಂತ ನಾನಾ ಅವ್ವನ ಮುಂದ ದೊಡ್ಡದು ಮಾಡಿ ಅಂದೆ.”

ಜಂಬವೆಂದು ನಾನು ತಿಳಿದದ್ದು ಅವನು ಒಪ್ಪಿಕೊಂಡ ಅವಮಾನವಾಗಿತ್ತು.

ಅಜ್ಜಿ ಕಂಬಳಿಯ ಗಂಟನ್ನು ಸವರುತ್ತ ಇನ್ನೊಂದು ಮಾತು ಹೇಳಿದಳು. ಮಂಜಿ ಅದನ್ನು ಕೇಳಿ ಅಳತೊಡಗಿದಳು. ಹೇಳಲಾಗದೆ ಸೋದರತ್ತೆಯ ಕಡೆ ನೋಡಿದಳು, ಮತ್ತೆ ತಾನೇ ಹೇಳಿದಳು.

“ಈ ಅತ್ತಿಯವರು ಹನುಮವ್ವಗ ಕೇಳಿದ್ದು ಒಂದೇ ಮಾತಂತ. ಆ ಹುಡುಗಿ ತಿರುಗಿ ಬಂದಾಗ ಬಾಗಿಲಾ ಯಾರು ತೆಗೆದ್ರು? ಹನುಮವ್ವ ಅಂದ್ಲಂತ, ಅಪ್ಪ ಕುರಿ ಹೊಲದಾಗ ಬಿಟ್ಟು, ಗೂಡ್ಸ್ ಆಟೋ ತಗೊಂಡು, ತಾನಾ ಆಲೂರಿಗಿ ಹೋಗಿ ಕರಕೊಂಬಂದ. ಕೇಳಿದವರಿಗೆಲ್ಲ ‘ನನ್ನ ಮಗಳು ಬಂದಾಳ’ ಅಂತ ಅಷ್ಟೇ ಅಂದ. ಇಷ್ಟು ಸಾಕಾತಂತ ಅಜ್ಜಿಗೆ. ಜೀವಂತ ತಿರುಗಿ ಬಂದಾಕಿ ಬೇಕು ನಮ್ಮ ಮನಿಗೆ ಅಂತಾರ.”

ಆ ದಿನ ಲಿಂಗಪ್ಪ ಮಗಳನ್ನು ಕರೆತಂದದ್ದು ನನಗೆ ಗೊತ್ತಿತ್ತು. ಅದು ಹೇಳಿಕೊಳ್ಳುವ ವಿಷಯ ಎಂದು ನಮಗೆ ಯಾರಿಗೂ ಅನ್ನಿಸಿರಲಿಲ್ಲ. ನಾವು ಮುಚ್ಚಿಟ್ಟದ್ದನ್ನೇ ಇವರು ನೋಡಲು ಅಷ್ಟು ದೂರ ಬಂದಿದ್ದರು. ನನಗೆ ಅಳು ಬಂತು, ಯಾರಿಗೂ ಮರೆಮಾಡಲಿಲ್ಲ.

ಆಮೇಲೆ ಬಿಸ್ಕತ್ತು ಕೈಗೆತ್ತಿಕೊಂಡೆ. ಸುತ್ತಿಗೆಯಿಂದ ಹೊಡೆದೆ, ಒಡೆಯಲಿಲ್ಲ. ಕಡಿಯಲು ಹೋದೆ, ಕಟ್ಟಿಸಿದ ಹಲ್ಲು ಅಲುಗಾಡಿತು. ಕೆಂಜಿ ಮೆಲ್ಲಗೆ ನನ್ನ ಕೈಯಿಂದ ಅದನ್ನು ತೆಗೆದುಕೊಂಡು, ಒಡೆದು, ಬಿಸಿ ಚಹಾದಲ್ಲಿ ನೆನೆಸಿ, ಮೆತ್ತಗಾಗುವ ತನಕ ಕಾದು, ಬಟ್ಟಲನ್ನು ಎರಡೂ ಕೈಯಲ್ಲಿ ನನ್ನ ಮುಂದೆ ಹಿಡಿದ. ಪೂರ್ತಿ ತಿಂದೆ. ಅಷ್ಟೇನೂ ರುಚಿ ಇರಲಿಲ್ಲ.

ಜಗುಲಿಗೆ ಬಂದು ಈರಮ್ಮನಿಗೆ ಫೋನು ಮಾಡಿದೆ. ಅವಳು ನಮಸ್ಕಾರ ಗಿಮಸ್ಕಾರ ಏನೂ ಹೇಳದೆ ನೇರ ಕೇಳಿದಳು.

“ಉಂಡಿಯೇನಕ್ಕಾ?”

“ಉಂಡೆ.”

“ನಿಜ ಹೇಳು. ನೀ ಕಟ್ಟಿಕೊಂಡು ಹೋದ ರೊಟ್ಟಿ ಉಂಡಿಯೋ, ಅವರದೋ?”

“ಅವರದಾ. ಹುಡುಗನಾ ಕೈಯಾರೆ ಕೊಟ್ಟ.”

ಆ ಕಡೆ ಈರಮ್ಮ ‘ಅಕ್ಕ ಉಂಡಾಳಂತ’ ಎಂದು ಲಿಂಗಪ್ಪನನ್ನು ಕೂಗಿದ್ದು ಕೇಳಿಸಿತು. ಈ ಕಡೆ ಒಳಗೆ ಬಟ್ಟಲು ತೊಳೆಯುತ್ತಿದ್ದ ಮಂಜಿ ನಲ್ಲಿ ನಿಲ್ಲಿಸಿ, ನನ್ನ ಕಡೆ ತಿರುಗಿ ನಿಂತಳು.